ತಣ್ಣಗಿದ್ದಾಗ ಬಡಿ: ಕೈಯಲ್ಲಿ ಬೆಳ್ಳಿ ತಗಡು ಮಾಡುವ ಬಗೆ

(ಒಂದು ಸಭೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ಮತ್ತೆ ಮತ್ತೆ ಬಂದದ್ದನ್ನು ತೆಗೆದಿದ್ದೇನೆ. ಕೇಳುಗರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಎರಡು ವಸ್ತುಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಒಂದು ಬೆಳ್ಳಿಯ ಗಟ್ಟಿ. ನಾಲ್ಕು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಆರು ಮಿಲಿಮೀಟರ್ ದಪ್ಪ. ಇನ್ನೊಂದು, ಅದೇ ಅಳತೆಯ ಮತ್ತೊಂದು ಗಟ್ಟಿಯಿಂದ ಬಡಿದು ಮಾಡಿದ ತಗಡು. ದಪ್ಪ ಸುಮಾರು ಒಂದು ಮಿಲಿಮೀಟರ್. ಉದ್ದ ಅಗಲ ಹತ್ತಿರ ಹತ್ತಿರ ಹತ್ತು ಸೆಂಟಿಮೀಟರ್. ಅಂಚು ಕತ್ತರಿಸದೆ ಹಾಗೇ ಬಿಟ್ಟಿದ್ದೇನೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಎರಡರ ತೂಕವೂ ಒಂದೇ, ಸುಮಾರು 100 ಗ್ರಾಂ. ಕೈಯಲ್ಲಿ ಹಿಡಿದರೆ ಗಟ್ಟಿಯೇ ಜಾಸ್ತಿ ಭಾರ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸುತ್ತದೆ. ತಕ್ಕಡಿ ಮಾತ್ರ ಒಪ್ಪುವುದಿಲ್ಲ.

ಈ ಗಟ್ಟಿ ಆ ತಗಡು ಆಗುವ ದಾರಿಯ ಬಗ್ಗೆ ಇವತ್ತು ಮಾತಾಡುತ್ತೇನೆ.

"ಕಬ್ಬಿಣ ಕಾದಾಗಲೇ ಬಡಿ" ಅನ್ನುವ ಗಾದೆ ನಮಗೆಲ್ಲ ಗೊತ್ತು. ಬೆಳ್ಳಿಯ ಕೆಲಸ ಕಲಿಯಲು ಬಂದವರು ಈ ಗಾದೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಬರುತ್ತಾರೆ. ಬೆಳ್ಳಿಯ ದಾರಿ ಪೂರಾ ಉಲ್ಟಾ. ಅದನ್ನು ಕಾಯಿಸಬೇಕು, ನೀರಿಗೆ ಹಾಕಿ ಆರಿಸಬೇಕು, ತಣ್ಣಗಾದ ಮೇಲೆ ಬಡಿಯಬೇಕು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುತ್ತದೆ. ಬೆಳ್ಳಿಯನ್ನು ಹಾಗೆ ಅದ್ದಿದರೆ ಮೆತ್ತಗೆ ಇರುತ್ತದೆ. ಮೊದಲ ಕೆಲವು ಪೆಟ್ಟುಗಳನ್ನು ಬಿಸಿಯಲ್ಲೇ ಹಾಕುವವರೂ ಇದ್ದಾರೆ. ಆದರೆ ತಾಮ್ರ ಬೆರೆತ ಬೆಳ್ಳಿಯನ್ನು ತೀರಾ ಕಾದಾಗ ಬಡಿದರೆ ಒಣ ಮಣ್ಣಿನ ಹೆಂಟೆಯ ಹಾಗೆ ಬಿರಿದು ಹೋಗಬಹುದು. ತಣ್ಣಗೆ ಬಡಿಯುವುದೇ ನೆಮ್ಮದಿ.

ನಾನು ಹೇಳಬೇಕು ಅಂದುಕೊಂಡು ಬಂದಿರುವ ಮುಖ್ಯ ಮಾತು ಇನ್ನೊಂದಿದೆ. ತಗಡಿನ ಹಣೆಬರಹ ಅಡಿಗಲ್ಲಿನ ಮೇಲೆ, ಅಂದರೆ ಬೆಳ್ಳಿಯನ್ನು ಇಟ್ಟು ಬಡಿಯುವ ಉಕ್ಕಿನ ದಿಮ್ಮಿಯ ಮೇಲೆ, ಬರೆಯುವುದಲ್ಲ. ಅದು ಬೆಳ್ಳಿ ಕರಗಿಸುವ ಪಾತ್ರೆಯಾದ ಮೂಸೆಯಲ್ಲಿ, ಕರಗಿದ್ದನ್ನು ಹೊಯ್ಯುವ ಅಚ್ಚಿನಲ್ಲಿ ಆಗಲೇ ಬರೆದು ಮುಗಿದಿರುತ್ತದೆ. ಕರಗಿಸುವಾಗ ಆದ ತಪ್ಪನ್ನು ಸುತ್ತಿಗೆ ತಿದ್ದುವುದಿಲ್ಲ. ಸುಮ್ನೆ ತೆಳ್ಳಗೆ ಹರಡುತ್ತದೆ, ಅಷ್ಟೇ. ಅದಕ್ಕೇ ಬಡಿಯುವುದಕ್ಕಿಂತ ಮೊದಲು ಕರಗಿಸುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ತಾಳ್ಮೆಯಿಂದ ಕೇಳಿ.

ಯಾವ ಬೆಳ್ಳಿ? ಶುದ್ಧ ಬೆಳ್ಳಿ ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಡಿಯಲು ತುಂಬಾ ಮೆತ್ತಗೆ, ತುಂಬಾ ಸುಖ. ಆದರೆ ಮಾಡಿದ ವಸ್ತು ಬೇಗ ನೆಗ್ಗುತ್ತದೆ. ಅದಕ್ಕೆ ಗಟ್ಟಿತನ ಬರಲಿ ಅಂತ ತಾಮ್ರ ಸೇರಿಸುತ್ತಾರೆ. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಇದ್ದರೆ ಅದು ಸ್ಟರ್ಲಿಂಗ್. ಮಿಕ್ಕ 75 ಪಾಲು ಸಾಮಾನ್ಯವಾಗಿ ತಾಮ್ರ. ತಾಮ್ರ ಒಂಟಿಯಾಗಿ ಕರಗಲು 1085 ಡಿಗ್ರಿ ಬೇಕು. ಆದರೆ ಬೆಳ್ಳಿಯ ಜೊತೆ ಸೇರಿದರೆ ಲೆಕ್ಕವೇ ಬೇರೆ. ಸ್ಟರ್ಲಿಂಗ್ ಸುಮಾರು 800 ಡಿಗ್ರಿಯಲ್ಲಿ ಕರಗಲು ಶುರು ಮಾಡಿ 900ರ ಹತ್ತಿರ ಪೂರ್ತಿ ನೀರಾಗುತ್ತದೆ. ನಡುವೆ ಕೆಸರಿನ ಹಾಗಿರುತ್ತದೆ. ಹೊಸಬರು ಎಡವುವುದು ಈ ಕೆಸರಿನಲ್ಲೇ. ಮೇಲೆ ಕರಗಿದ ಹಾಗೆ ಕಾಣುತ್ತದೆ, ಒಳಗೆ ಇನ್ನೂ ಮುದ್ದೆ ಇರುತ್ತದೆ. ಆಗ ಹೊಯ್ದರೆ ಗಟ್ಟಿಯಲ್ಲಿ ಮಡಿಕೆಗಳು ಉಳಿಯುತ್ತವೆ.

ಮೂಸೆಯನ್ನು ಮೊದಲು ಬರಿದಾಗಿಯೇ ಕಾಯಿಸಿ, ಒಳಗೆಲ್ಲ ಬಿಳಿಗಾರ (ಬೋರಾಕ್ಸ್) ಸವರಬೇಕು. ಬಿಳಿಗಾರ ಕರಗಿ ಗಾಜಿನ ಹಾಗೆ ಮೂಸೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಆಗ ಬೆಳ್ಳಿ ಮೂಸೆಯ ರಂಧ್ರಗಳಿಗೆ ಇಳಿಯುವುದಿಲ್ಲ, ಮೂಸೆಯ ಪುಡಿ ಬೆಳ್ಳಿಗೆ ಸೇರುವುದಿಲ್ಲ. ಆಮೇಲೆ ಬೆಳ್ಳಿ ಹಾಕಬೇಕು. ಕರಗುತ್ತಾ ಬಂದಾಗ ಮೇಲೆ ಇದ್ದಿಲಿನ ಪುಡಿಯನ್ನೋ ಇನ್ನೊಂದು ಚಿಟಿಕೆ ಬಿಳಿಗಾರವನ್ನೋ ಉದುರಿಸಬೇಕು.

ಇದ್ದಿಲು ಯಾಕೆ? ಇಲ್ಲೊಂದು ಸೋಜಿಗವಿದೆ. ಕರಗಿದ ಬೆಳ್ಳಿ ಗಾಳಿಯಲ್ಲಿರುವ ಆಮ್ಲಜನಕವನ್ನು ಕುಡಿಯುತ್ತದೆ. ಸ್ವಲ್ಪ ಅಲ್ಲ, ತನ್ನ ಗಾತ್ರದ ಸುಮಾರು ಇಪ್ಪತ್ತು ಪಟ್ಟು. ಗಟ್ಟಿಯಾಗುವಾಗ ಅದನ್ನು ಒಳಗೆ ಇಟ್ಟುಕೊಳ್ಳಲು ಅದಕ್ಕೆ ಆಗುವುದಿಲ್ಲ. ಎಲ್ಲವನ್ನೂ ಹೊರಗೆ ಉಗುಳುತ್ತದೆ. ಶುದ್ಧ ಬೆಳ್ಳಿಯ ಉಂಡೆಯೊಂದನ್ನು ಬಯಲು ಗಾಳಿಯಲ್ಲಿ ಕರಗಿಸಿ ಹಾಗೇ ಆರಲು ಬಿಟ್ಟು ನೋಡಿ. ಮೇಲಿನ ಪದರ ಗಟ್ಟಿಯಾಗುತ್ತಿದ್ದಂತೆ ಒಳಗಿನಿಂದ ಗಾಳಿ ಸಿಡಿದು ಸಣ್ಣ ಸಣ್ಣ ಮೊಳಕೆಗಳ ಹಾಗೆ ಬೆಳ್ಳಿ ಹೊರಗೆ ಚಿಮ್ಮುತ್ತದೆ. ತಾಮ್ರ ಬೆರೆತ ಬೆಳ್ಳಿಯಲ್ಲಿ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಆಮ್ಲಜನಕ ತಾಮ್ರವನ್ನು ಹಿಡಿದುಕೊಂಡು ಒಳಗೇ ಉಳಿದು ಲೋಹವನ್ನು ಪೆಡಸು ಮಾಡುತ್ತದೆ. ಇದ್ದಿಲು ಈ ಎರಡಕ್ಕೂ ಅಡ್ಡ ನಿಲ್ಲುತ್ತದೆ. ತಾನು ಉರಿದು ಆಮ್ಲಜನಕವನ್ನು ತಿಂದು ಹಾಕುತ್ತದೆ. ಹಿಂದಿನವರಿಗೆ ಆಮ್ಲಜನಕ ಅನ್ನುವ ಹೆಸರು ಗೊತ್ತಿರಲಿಲ್ಲ. ಆದರೂ ಇದ್ದಿಲು ಮುಚ್ಚಿ ಕರಗಿಸುತ್ತಿದ್ದರು. ಕಣ್ಣು, ಕೈ ಕಲಿಸಿದ ಪಾಠ ಅದು.

ಹಳೆಯ ಬೆಳ್ಳಿ ಚೂರುಗಳನ್ನು ಕರಗಿಸುವಾಗ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಸೀಸ ಒಂದಿಷ್ಟೂ ಸೇರಬಾರದು. ಸೀಸ ಮತ್ತು ಬೆಳ್ಳಿ ಸೇರಿದ ಕಡೆ 304 ಡಿಗ್ರಿಯಲ್ಲೇ ಕರಗುವ ಮಿಶ್ರಣ ಹುಟ್ಟುತ್ತದೆ. ಅದು ಲೋಹದೊಳಗಿನ ಸಣ್ಣ ಹರಳುಗಳ ಸಂದಿಯಲ್ಲಿ ಕೂತುಕೊಳ್ಳುತ್ತದೆ. ಅಂಥ ಗಟ್ಟಿ ಸುತ್ತಿಗೆಯ ಕೆಳಗೆ ಬಿರುಕು ಬಿಡುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ, ತಗಡಿನ ಮೇಲೆ ಸೀಸದ ಒಂದು ಸಣ್ಣ ಚೂರು ಅಂಟಿಕೊಂಡಿದ್ದರೂ ಸಾಕು. ಕಾಯಿಸಿದಾಗ ಅದು ಹುಳು ತಿಂದ ಹಾಗೆ ತೂತು ಕೊರೆಯುತ್ತದೆ. ಸೀಸದ ದಿಂಡಿನ ಮೇಲೆ ಬಳಸಿದ ಸುತ್ತಿಗೆ, ಅರ, ಬಟ್ಟೆ ಯಾವುದನ್ನೂ ನಾನು ಬೆಳ್ಳಿಯ ಹತ್ತಿರ ತರುವುದಿಲ್ಲ. ಅವುಗಳ ಜಾಗವೇ ಬೇರೆ.

ಈಗ ಅಚ್ಚು. ಕಬ್ಬಿಣದ ಅಚ್ಚು ಇದೆ, ಕಲ್ಲಿನಲ್ಲಿ ಕೊರೆದದ್ದು ಇದೆ, ಒತ್ತಿದ ಮರಳಿನದು ಇದೆ, ಇದ್ದಿಲಿನ ದಿಮ್ಮಿಯಲ್ಲಿ ಕೊರೆದದ್ದೂ ಇದೆ. ತಗಡಿಗೆ ಕಬ್ಬಿಣದ್ದು ಒಳ್ಳೆಯದು. ಎರಡು ಫಲಕಗಳನ್ನು ಜೋಡಿಸಿ ನಿಲ್ಲಿಸಿ, ಮೇಲಿನಿಂದ ಹೊಯ್ಯುವಂಥದ್ದು ಇನ್ನೂ ಒಳ್ಳೆಯದು. ಯಾಕೆಂದರೆ ಆರುವಾಗ ಬೆಳ್ಳಿ ಕುಗ್ಗುತ್ತದೆ. ಆ ಕುಗ್ಗು, ಕಸ, ಗುಳ್ಳೆ ಎಲ್ಲ ಮೇಲ್ತುದಿಗೆ ಬಂದು ಸೇರುತ್ತವೆ. ಆ ತುದಿಯನ್ನು ಕತ್ತರಿಸಿ ತೆಗೆದರೆ ಉಳಿದದ್ದು ಚೊಕ್ಕಟ. ಮಲಗಿಸಿದ ಅಚ್ಚಿನಲ್ಲಿ ಆ ದೋಷವೆಲ್ಲ ಮೇಲ್ಮೈ ತುಂಬಾ ಹರಡಿಕೊಳ್ಳುತ್ತದೆ.

ಅಚ್ಚಿನ ಒಳಮೈಗೆ ದೀಪದ ಕಾಡಿಗೆ ಹಿಡಿಸಬೇಕು, ಇಲ್ಲವೇ ತೆಳ್ಳಗೆ ಎಣ್ಣೆ ಸವರಬೇಕು. ಆಮೇಲೆ ಅಚ್ಚನ್ನು ಕಾಯಿಸಬೇಕು. ಇದನ್ನು ಒತ್ತಿ ಹೇಳುತ್ತೇನೆ. ತಣ್ಣನೆಯ ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ತೇವ ಇರುತ್ತದೆ. ಕರಗಿದ ಬೆಳ್ಳಿ ಅದನ್ನು ಮುಟ್ಟಿದ ಕ್ಷಣ ತೇವ ಆವಿಯಾಗಿ ಬೆಳ್ಳಿಯನ್ನು ಮುಖಕ್ಕೆ ಎರಚುತ್ತದೆ. ಮುಟ್ಟಲಾಗದಷ್ಟು ಬಿಸಿ ಇರಬೇಕು ಅಚ್ಚು.

ಹೊಯ್ಯುವ ಹದ ಕಣ್ಣಿಗೆ ಗೊತ್ತಾಗುತ್ತದೆ. ಕರಗಿದ ಬೆಳ್ಳಿಯ ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತದೆ. ಮೂಸೆಯನ್ನು ಸ್ವಲ್ಪ ಅಲುಗಿಸಿದರೆ ಬೆಳ್ಳಿ ಒಂದೇ ಉಂಡೆಯಾಗಿ ಸರಾಗವಾಗಿ ಜಾರುತ್ತದೆ. ಇದ್ದಿಲಿನ ಕಡ್ಡಿಯಿಂದ ಒಮ್ಮೆ ಕಲಕಿ, ತಳದಲ್ಲಿ ಮುದ್ದೆ ಉಳಿದಿಲ್ಲ ಅಂತ ನೋಡಿಕೊಳ್ಳಬೇಕು. ಆಮೇಲೆ ತಡ ಮಾಡಬಾರದು. ಹೊಯ್ಯುವಾಗಲೂ ಬೆಂಕಿಯ ನಾಲಗೆ ಮೂಸೆಯ ಬಾಯಿಯ ಮೇಲೇ ಇರಬೇಕು. ಒಂದೇ ಧಾರೆ. ನಿಲ್ಲಿಸಿ ಮತ್ತೆ ಹೊಯ್ದರೆ ಎರಡು ಧಾರೆಗಳ ನಡುವೆ ತೆಳ್ಳನೆಯ ಪೊರೆ ಉಳಿಯುತ್ತದೆ. ಅದು ಕೂಡಿದ ಹಾಗೆ ಕಂಡರೂ ಕೂಡಿರುವುದಿಲ್ಲ.

ನಾನು ಕಲಿಯುತ್ತಿದ್ದ ದಿನಗಳ ಒಂದು ತಗಡಿನ ಕಥೆ ಹೇಳುತ್ತೇನೆ. ಅಚ್ಚು ಸರಿಯಾಗಿ ಕಾಯುವ ಮೊದಲೇ ಹೊಯ್ದಿದ್ದೆ. ಗಟ್ಟಿ ನೋಡಲು ಚೆನ್ನಾಗಿಯೇ ಇತ್ತು. ಮೂರು ದಿನ ಬಡಿದೆ. ಐದು ಸಲ ಕಾಯಿಸಿದೆ. ತಗಡು ಅಂಗೈಗಿಂತ ದೊಡ್ಡದಾಗಿ ನುಣ್ಣಗೆ ಹರಡಿತ್ತು. ಆರನೇ ಸಲ ಕಾಯಿಸುವಾಗ ನನ್ನ ಕಣ್ಣೆದುರೇ ತಗಡಿನ ನಡುವೆ ಒಂದು ಬೊಬ್ಬೆ ಎದ್ದಿತು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಸಾಲಾಗಿ ನಾಲ್ಕೈದು. ಮೊದಲ ದಿನ ಗಟ್ಟಿಯೊಳಗೆ ಸಿಕ್ಕಿಕೊಂಡಿದ್ದ ಗಾಳಿಯ ಸಣ್ಣ ಗುಳ್ಳೆಗಳು ಅವು. ಸುತ್ತಿಗೆಯ ಪೆಟ್ಟಿಗೆ ಅವು ಅಳಿದಿರಲಿಲ್ಲ. ಚಪ್ಪಟೆಯಾಗಿ, ಅಗಲವಾಗಿ, ಎರಡು ತೆಳು ಪದರಗಳ ನಡುವೆ ಅಡಗಿ ಕೂತಿದ್ದವು. ತಗಡು ತೆಳ್ಳಗಾದಾಗ, ಬಿಸಿಗೆ ಬೆಳ್ಳಿ ಮೆತ್ತಗಾದಾಗ, ಒಳಗಿನ ಗಾಳಿ ಹಿಗ್ಗಿ ಮೇಲೆದ್ದಿತು. ಆ ತಗಡನ್ನು ಕತ್ತರಿಸಿ ಮತ್ತೆ ಮೂಸೆಗೆ ಹಾಕಿದೆ. ಆ ದಿನದಿಂದ ಅಚ್ಚು ಕಾಯಿಸುವಾಗ ನನಗೆ ಅವಸರ ಇಲ್ಲ.

ಅಚ್ಚಿನ ಮಾತು ಬಂದದ್ದರಿಂದ ಒಂದು ಬೆರಗಿನ ವಿಷಯ. ತೇವ ಇರಬಾರದು ಅಂತ ಈಗ ತಾನೇ ಹೇಳಿದೆ. ಆದರೆ ಜಪಾನಿನ ಲೋಹ ಕುಶಲಿಗಳು ನೀರಿನ ಒಳಗೇ ಎರಕ ಹೊಯ್ಯುವ ವಿಧಾನವನ್ನು ಬೆಳೆಸಿದ್ದಾರೆ! ಮರದ ತೊಟ್ಟಿಯಲ್ಲಿ ಬಿಸಿನೀರು. ಅದರೊಳಗೆ ದಪ್ಪ ಬಟ್ಟೆಯ ತೊಟ್ಟಿಲು. ಕರಗಿದ ಲೋಹವನ್ನು ಅದರೊಳಗೆ ಹೊಯ್ಯುತ್ತಾರೆ. ನೀರು ಬಿಸಿ ಇರುವುದರಿಂದ ಲೋಹದ ಸುತ್ತ ಕೂಡಲೇ ಆವಿಯ ಪೊರೆ ಹುಟ್ಟುತ್ತದೆ. ಲೋಹ ಆ ಪೊರೆಯ ಹಾಸಿಗೆಯ ಮೇಲೆ ಮೆಲ್ಲಗೆ ಆರುತ್ತದೆ. ತಾಮ್ರದಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಬೆಳ್ಳಿ ಬೆರೆಸಿದ ಶಿಬುಇಚಿ ಅನ್ನುವ ಮಿಶ್ರಲೋಹವನ್ನು ಹೀಗೆ ಎರೆಯುತ್ತಾರೆ. ನೀರು ತಣ್ಣಗಿದ್ದರೆ, ಕೈ ನಡುಗಿದರೆ ಅಪಾಯ ದೊಡ್ಡದು. ಬಲ್ಲವರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಲಿಯಬೇಕಾದ ಕೆಲಸ ಇದು. ಓದಿ, ಕೇಳಿ ಮಾಡುವಂಥದ್ದಲ್ಲ. ದಯವಿಟ್ಟು ಪ್ರಯತ್ನಿಸಬೇಡಿ.

ಗಟ್ಟಿ ಅಚ್ಚಿನಿಂದ ಹೊರಬಂದ ಮೇಲೆ ಕೂಡಲೇ ಸುತ್ತಿಗೆ ಎತ್ತಬಾರದು. ಮೇಲ್ತುದಿ ಕತ್ತರಿಸಬೇಕು. ಅಂಚಿನ ಚೂಪುಗಳನ್ನು ಅರದಿಂದ ತೆಗೆಯಬೇಕು. ಮೇಲ್ಮೈಯನ್ನು ಹೆರೆಯುವ ಉಳಿಯಿಂದ ಹೆರೆದು, ಹೊರಪದರವನ್ನೇ ತೆಗೆದು ಹಾಕಬೇಕು. ಹೆರೆದ ಬೆಳ್ಳಿ ಎಲ್ಲೂ ಹೋಗುವುದಿಲ್ಲ, ಮತ್ತೆ ಮೂಸೆಗೇ ಬರುತ್ತದೆ. ಆದರೆ ಒಂದು ಸಣ್ಣ ಕುಳಿ ಬಿಟ್ಟರೆ, ಅದು ತಗಡಿನಲ್ಲಿ ಉದ್ದನೆಯ ಸೀಳಾಗಿ ಬರುತ್ತದೆ.

ಈಗ ಅಡಿಗಲ್ಲು. ಉಕ್ಕಿನದು, ಮೇಲ್ಮೈ ಹೊಳಪು ಕೊಟ್ಟದ್ದು. ದಪ್ಪ ಮರದ ದಿಮ್ಮಿಯ ಮೇಲೆ ಅಲುಗಾಡದ ಹಾಗೆ ಕೂತಿರಬೇಕು. ಅಡಿಗಲ್ಲಿನ ಮೇಲೆ ಒಂದು ಗೀರು ಇದ್ದರೆ ಪ್ರತಿ ಪೆಟ್ಟಿಗೂ ಅದು ಬೆಳ್ಳಿಯ ಬೆನ್ನಿಗೆ ಅಚ್ಚೊತ್ತುತ್ತದೆ. ಸುತ್ತಿಗೆಯ ಮುಖವೂ ಹಾಗೇ. ಸುತ್ತಿಗೆಯ ಮುಖ ಎಷ್ಟು ನಯವೋ ತಗಡೂ ಅಷ್ಟೇ ನಯ.

ಮೊದಲು ಬೇಕಾದದ್ದು ಏಣು ಸುತ್ತಿಗೆ. ಅದರ ಮುಖ ಚಪ್ಪಟೆ ಇರುವುದಿಲ್ಲ. ಹಿಡಿಗೆ ಅಡ್ಡವಾಗಿ ದುಂಡನೆಯ ಏಣು ಇರುತ್ತದೆ. ಇದರ ಗುಟ್ಟು ತಿಳಿಯಬೇಕಾದರೆ ಹಸಿ ಜೇಡಿಮಣ್ಣಿನ ಮುದ್ದೆಯ ಮೇಲೆ ಬೆರಳನ್ನು ಅಡ್ಡ ಮಲಗಿಸಿ ಒತ್ತಿ ನೋಡಿ. ಮಣ್ಣು ಬೆರಳಿನ ಎರಡು ಪಕ್ಕಕ್ಕೆ ಸರಿಯುತ್ತದೆ. ಬೆರಳಿನ ಉದ್ದಕ್ಕೆ ಅಷ್ಟಾಗಿ ಸರಿಯುವುದಿಲ್ಲ. ಬೆಳ್ಳಿಯೂ ಹೀಗೇ. ಏಣನ್ನು ಗಟ್ಟಿಗೆ ಅಡ್ಡವಾಗಿ ಇಟ್ಟು ಬಡಿದರೆ ಗಟ್ಟಿ ಉದ್ದವಾಗುತ್ತದೆ. ಉದ್ದಕ್ಕೆ ಇಟ್ಟು ಬಡಿದರೆ ಅಗಲವಾಗುತ್ತದೆ. ಒಂದು ಸುತ್ತು ಹೀಗೆ, ಒಂದು ಸುತ್ತು ಹಾಗೆ. ಒಂದು ಪೆಟ್ಟಿನ ಪಕ್ಕದಲ್ಲೇ ಮುಂದಿನ ಪೆಟ್ಟು, ನೇಗಿಲ ಸಾಲಿನ ಹಾಗೆ. ಸಾಲುಗಳ ನಡುವೆ ಬಿಟ್ಟ ಜಾಗ ಇರಬಾರದು. ಒಂದು ಮೈ ಮುಗಿದ ಮೇಲೆ ತಿರುಗಿಸಿ ಇನ್ನೊಂದು ಮೈ. ದುಂಡನೆಯ ತಗಡು ಬೇಕಾದರೆ ಗಟ್ಟಿಯನ್ನೇ ಬಿಲ್ಲೆಯ ಆಕಾರದಲ್ಲಿ ಎರೆದು, ನಡುವಿನಿಂದ ಸುರುಳಿ ಸುತ್ತುತ್ತಾ ಅಂಚಿಗೆ ಬರಬೇಕು.

ಬೆಳ್ಳಿ ಇಲ್ಲಿ ಕಡಿಮೆ ಆಗುತ್ತಿಲ್ಲ, ಜಾಗ ಬದಲಿಸುತ್ತಿದೆ. ಆ ಜಾಗ ಬದಲಾವಣೆಗೆ ಲೆಕ್ಕ ಇದೆ. ದಪ್ಪ ಅರ್ಧ ಆದರೆ ಹರವು ಎರಡು ಪಟ್ಟು. ಆರು ಮಿಲಿಮೀಟರ್ ಒಂದು ಮಿಲಿಮೀಟರ್ ಆದರೆ ಹರವು ಆರು ಪಟ್ಟು. 16 ಚದರ ಸೆಂಟಿಮೀಟರ್ ಇದ್ದದ್ದು 96 ಆಗುತ್ತದೆ. ಇಷ್ಟು ದೊಡ್ಡ ತಗಡು ಬೇಕು ಅಂದರೆ ಎಷ್ಟು ಬೆಳ್ಳಿ ಕರಗಿಸಬೇಕು ಅನ್ನುವುದನ್ನು ಹೀಗೇ ಹಿಂದಿನಿಂದ ಲೆಕ್ಕ ಹಾಕುತ್ತಾರೆ. ಶುದ್ಧ ಬೆಳ್ಳಿ ಒಂದು ಘನ ಸೆಂಟಿಮೀಟರಿಗೆ ಹತ್ತೂವರೆ ಗ್ರಾಂ ತೂಗುತ್ತದೆ. ಸ್ಟರ್ಲಿಂಗ್ ಅದಕ್ಕಿಂತ ಸ್ವಲ್ಪ ಹಗುರ.

ಇನ್ನು ಅಂಚಿನ ಮಾತು. ನಿಮ್ಮ ಕೈಗೆ ಬಂದ ತಗಡಿನ ಅಂಚನ್ನು ನೋಡಿ. ಎರಡು ಕಡೆ ಸಣ್ಣ ಅರ್ಧಚಂದ್ರದಂಥ ಕಚ್ಚುಗಳಿವೆ. ಅದಕ್ಕೇ ನಾನು ಅಂಚು ಕತ್ತರಿಸಲಿಲ್ಲ. ನಡುಭಾಗ ಹರಡುವಾಗ ಅಂಚನ್ನು ಹೊರಕ್ಕೆ ಎಳೆಯುತ್ತದೆ. ಎಳೆತ ಜಾಸ್ತಿ ಆದರೆ ಅಂಚು ಬಿರಿಯುತ್ತದೆ. ಕೂದಲೆಳೆಯ ಬಿರುಕು ಕಂಡರೂ ಆ ಕ್ಷಣವೇ ಕೆಲಸ ನಿಲ್ಲಿಸಬೇಕು. ದುಂಡನೆಯ ಅರದಿಂದ ಬಿರುಕನ್ನು ಅದರ ಬುಡದವರೆಗೂ ಉಜ್ಜಿ ತೆಗೆದು ಹೀಗೆ ಕಚ್ಚು ಮಾಡಬೇಕು. ಚೂಪಾದ ಬಿರುಕಿನ ತುದಿಯಲ್ಲಿ ಎಲ್ಲ ಒತ್ತಡವೂ ಬಂದು ಸೇರುತ್ತದೆ. ದುಂಡು ಮಾಡಿದರೆ ಒತ್ತಡ ಹಂಚಿಹೋಗುತ್ತದೆ. ಇನ್ನೊಂದು ಪೆಟ್ಟು ಹಾಕಿ ನೋಡೋಣ ಅಂದುಕೊಂಡರೆ ಬಿರುಕು ಒಂದು ಬೆರಳಿನಷ್ಟು ಒಳಗೆ ಓಡಿರುತ್ತದೆ. ಅಂಚಿನಲ್ಲಿ ಬೆಳ್ಳಿ ಮಡಚಿಕೊಂಡು ತುಟಿಯ ಹಾಗೆ ಬಂದರೂ ಅಷ್ಟೇ, ಅದನ್ನು ಅರದಿಂದ ತೆಗೆಯಬೇಕು. ಮೇಲೆ ಬಡಿದು ಮುಚ್ಚಿದರೆ ಒಳಗೆ ಸುಳ್ಳು ಕೂಡಿಕೆ ಉಳಿಯುತ್ತದೆ.

ಬಡಿಯುತ್ತಾ ಹೋದ ಹಾಗೆ ಬೆಳ್ಳಿ ಗಡಸಾಗುತ್ತದೆ. ಲೋಹ ಅಂದರೆ ಸಣ್ಣ ಹರಳುಗಳ ಗುಂಪು. ಮೆತ್ತಗಿರುವಾಗ ಹರಳಿನೊಳಗಿನ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಪೆಟ್ಟು ಬಿದ್ದಂತೆಲ್ಲ ಆ ಜಾರುವ ದಾರಿಗಳು ಒಂದಕ್ಕೊಂದು ಸಿಕ್ಕು ಹಾಕಿಕೊಳ್ಳುತ್ತವೆ. ಇದನ್ನು ಕಿವಿಯಿಂದ ತಿಳಿಯಬಹುದು. ಮೆತ್ತಗಿನ ಬೆಳ್ಳಿ "ಟಪ್ ಟಪ್" ಅನ್ನುತ್ತದೆ. ಗಡಸಾದದ್ದು "ಟಣ್" ಅನ್ನುತ್ತದೆ. ಸುತ್ತಿಗೆ ಮೊದಲಿಗಿಂತ ಜಾಸ್ತಿ ಪುಟಿಯುತ್ತದೆ. ಹೊಸಬರಿಗೆ ನಾನು ಮೊದಲು ಹೇಳುವುದು, ಕೆಲಸ ಮಾಡುವಾಗ ಹಾಡು ಹಾಕಬೇಡಿ ಅಂತ. ಬೆಳ್ಳಿ ಹೇಳುವುದು ಕೇಳಿಸಬೇಕು.

ಆ ಟಣ್ ಕೇಳಿಸಿದರೆ ಕಾಯಿಸುವ ಹೊತ್ತು ಬಂತು ಅಂತ. ಎಲ್ಲ ಲೋಹಗಳಿಗಿಂತ ಜಾಸ್ತಿ ಬಿಸಿ ದಾಟಿಸುವುದು ಬೆಳ್ಳಿ. ಒಂದು ಮೂಲೆಗೆ ಬೆಂಕಿ ಹಿಡಿದರೆ ಬಿಸಿ ಇಡೀ ತಗಡಿಗೆ ಹರಿದು ಹೋಗುತ್ತದೆ. ಹಾಗಾಗಿ ಇಡೀ ತಗಡನ್ನು ಒಟ್ಟಿಗೆ ಕಾಯಿಸಬೇಕು. ಇದ್ದಿಲಿನ ಹಾಸಿಗೆ ಇದಕ್ಕೆ ತುಂಬಾ ಒಳ್ಳೆಯದು. ಸ್ಟರ್ಲಿಂಗಿಗೆ ಬೇಕಾದದ್ದು 600ರಿಂದ 650 ಡಿಗ್ರಿ. ಅದನ್ನು ನೋಡಲು ಕೋಣೆ ಮಬ್ಬಾಗಿರಬೇಕು. ಮಬ್ಬಿನಲ್ಲಿ ಮಂಕಾದ ಕೆಂಪು ಮೂಡಿದರೆ ಸಾಕು. ಬಿಸಿಲಿನಲ್ಲಿ ಆ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲ. ಬಿಸಿಲಿನಲ್ಲಿ ಕೆಂಪು ಕಾಣುವ ಹೊತ್ತಿಗೆ ಬೆಳ್ಳಿ ತೀರಾ ಕಾದು ಹೋಗಿರುತ್ತದೆ. ಈ ಬಿಸಿಯಲ್ಲಿ ಸಿಕ್ಕುಬಿದ್ದ ಹಳೆಯ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟುತ್ತವೆ. ಜಾಸ್ತಿ ಹೊತ್ತು ಕಾಯಿಸಿದರೆ ಅವು ದೊಡ್ಡವಾಗಿ ಬೆಳೆದುಬಿಡುತ್ತವೆ. ಆಗ ತಗಡಿನ ಮೈ ಒರಟು ಚರ್ಮದ ಹಾಗೆ ಆಗುತ್ತದೆ. ಇದಕ್ಕಿಂತ ಸೂಕ್ಷ್ಮದ ಮಾತೊಂದಿದೆ. ನಾಲ್ಕು ಪೆಟ್ಟು ಹಾಕಿ ಒಮ್ಮೆ, ಮತ್ತೆ ನಾಲ್ಕು ಪೆಟ್ಟು ಹಾಕಿ ಒಮ್ಮೆ ಕಾಯಿಸುವುದೂ ಒಳ್ಳೆಯದಲ್ಲ. ಕಡಿಮೆ ಬಡಿದು ಕಾಯಿಸಿದರೆ ಹೊಸ ಹರಳುಗಳು ಕೆಲವೇ ಕೆಲವು ಹುಟ್ಟಿ ದೊಡ್ಡದಾಗಿ ಬೆಳೆಯುತ್ತವೆ. ಮನಸ್ಸು ಗಟ್ಟಿ ಮಾಡಿಕೊಂಡು ಚೆನ್ನಾಗಿ ಬಡಿಯಬೇಕು, ಆಮೇಲೆ ಕಾಯಿಸಬೇಕು. ದಪ್ಪ ಅರ್ಧಕ್ಕೆ ಇಳಿಯುವ ಹೊತ್ತಿಗೆ ಕಾಯಿಸಿ ಅನ್ನುವುದು ಸಾಮಾನ್ಯ ಲೆಕ್ಕ. ಕೈಸುತ್ತಿಗೆಯಲ್ಲಿ ಪೆಟ್ಟು ಎಲ್ಲ ಕಡೆ ಸಮ ಬೀಳುವುದಿಲ್ಲವಾದ್ದರಿಂದ ನಾನು ಅದಕ್ಕಿಂತ ಸ್ವಲ್ಪ ಮೊದಲೇ ಕಾಯಿಸುತ್ತೇನೆ. ಈ ತಗಡಿಗೆ ಏಳು ಸಲ ಕಾಯಿಸಿದ್ದೇನೆ.

ಕಾಯಿಸಿದ ಬೆಳ್ಳಿ ಕಪ್ಪಗಾಗುತ್ತದೆ. ಅದು ಮೇಲಿನ ತಾಮ್ರ ಸುಟ್ಟ ಬಣ್ಣ. ಕೆಂಪು ಆರಿದ ಮೇಲೆ ನೀರಿಗೆ ಹಾಕಿ, ಆಮೇಲೆ ತೆಳು ಗಂಧಕಾಮ್ಲದ ನೀರಿನಲ್ಲಿ ನೆನೆಸಿದರೆ ಹೋಗುತ್ತದೆ. ಹಿಂದೆ ಪಟಿಕದ ನೀರಿನಲ್ಲಿ ಕುದಿಸುತ್ತಿದ್ದರು. ಆಮ್ಲ ಕಲಸುವಾಗ ಆಮ್ಲವನ್ನು ನೀರಿಗೆ ಹಾಕಬೇಕು. ನೀರನ್ನು ಆಮ್ಲಕ್ಕೆ ಎಂದೂ ಹಾಕಬಾರದು. ತೆಗೆಯಲು ತಾಮ್ರದ ಚಿಮಟ ಬಳಸಿ. ಕಬ್ಬಿಣ ತಾಗಿದರೆ ನೀರಿನಲ್ಲಿ ಕರಗಿದ ತಾಮ್ರವೆಲ್ಲ ಬಂದು ಬೆಳ್ಳಿಯ ಮೇಲೆ ಕೂರುತ್ತದೆ. ಹೀಗೆ ಕಾಯಿಸಿ, ನೆನೆಸಿ, ಮತ್ತೆ ಕಾಯಿಸಿ ಮಾಡುತ್ತಾ ಹೋದರೆ ಮೇಲ್ಮೈಯಲ್ಲಿ ತಾಮ್ರ ಕಳೆದು ಶುದ್ಧ ಬೆಳ್ಳಿಯ ಬಿಳಿ ಪದರ ಉಳಿಯುತ್ತದೆ. ನೋಡಲು ಸೊಗಸು. ಆದರೆ ಅದರ ಕೆಳಗೆ ಆಮ್ಲಜನಕ ಹೊಕ್ಕ ತಾಮ್ರದ ನೇರಳೆ ಬೂದು ಕಲೆ ಅಡಗಿರುತ್ತದೆ. ಹೊಳಪು ಕೊಡುವಾಗ ಅದು ಮೋಡದ ಹಾಗೆ ಕಾಣಿಸಿಕೊಳ್ಳುತ್ತದೆ. ಅದನ್ನು ನಯವಾದ ಕಲ್ಲಿನಿಂದ ಉಜ್ಜಿ ತೆಗೆಯಬೇಕು. ಬೇರೆ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ತಗಡು ಬೇಕಾದ ದಪ್ಪದ ಹತ್ತಿರ ಬಂದ ಮೇಲೆ ಏಣು ಸುತ್ತಿಗೆ ಕೆಳಗಿಡಬೇಕು. ಮುಖ ತುಸುವೇ ಉಬ್ಬಿದ, ಕನ್ನಡಿಯಂಥ ಸುತ್ತಿಗೆ ಎತ್ತಿಕೊಳ್ಳಬೇಕು. ಹಗುರ ಪೆಟ್ಟು, ಒಂದರ ಅಂಚಿನ ಮೇಲೆ ಇನ್ನೊಂದು. ಏಣಿನ ಸಾಲುಗಳೆಲ್ಲ ಅಳಿಸಿ ಮೈ ಸಪಾಟಾಗುತ್ತದೆ. ದಪ್ಪ ಎಲ್ಲಿ ಜಾಸ್ತಿ ಇದೆ ಅಂತ ಕ್ಯಾಲಿಪರ್ ಹೇಳುತ್ತದೆ. ಅದಕ್ಕಿಂತ ಮೊದಲು ಹೆಬ್ಬೆರಳು, ತೋರುಬೆರಳು ಹೇಳುತ್ತವೆ.

ದೊಡ್ಡ ತಗಡು ಕೈಯಲ್ಲಿ ಆಗುತ್ತದೆಯೇ ಅಂತ ಅನುಮಾನ ಬರಬಹುದು. 1891ರಲ್ಲಿ ಡೆನ್ಮಾರ್ಕಿನ ಗುಂಡೆಸ್ಟ್ರುಪ್ ಅನ್ನುವ ಕಡೆ ಜೌಗು ನೆಲದಲ್ಲಿ ಬೆಳ್ಳಿಯ ಒಂದು ದೊಡ್ಡ ಕಡಾಯಿ ಸಿಕ್ಕಿತು. ಅಗಲ 69 ಸೆಂಟಿಮೀಟರ್, ತೂಕ ಒಂಬತ್ತು ಕಿಲೋ ಹತ್ತಿರ. ಸುಮಾರು ಎರಡು ಸಾವಿರ ವರ್ಷ ಹಳೆಯದು ಅನ್ನುತ್ತಾರೆ. ಅದರ ಮೈ ಎಲ್ಲ ಬಡಿದು ಮಾಡಿದ ಬೆಳ್ಳಿ ತಗಡುಗಳು. ಅದರ ಮೇಲೆ ಹಿಂದಿನಿಂದ ಉಬ್ಬಿಸಿದ ಮನುಷ್ಯರು, ಪ್ರಾಣಿಗಳು. ಅಂಥ ಉಬ್ಬು ಕೆಲಸಕ್ಕೆ ತಗಡಿನಲ್ಲಿ ಒಂದು ಗುಳ್ಳೆ ಇದ್ದರೂ ಅಲ್ಲಿ ಹರಿದು ಹೋಗುತ್ತಿತ್ತು. ಅದನ್ನು ಮಾಡಿದವರ ಎರಕ ಎಷ್ಟು ಚೊಕ್ಕಟವಾಗಿತ್ತು ಅಂತ ಯೋಚಿಸಿದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಎರಡು ಉರುಳೆಗಳ ನಡುವೆ ಲೋಹವನ್ನು ಒತ್ತಿ ತೆಳ್ಳಗೆ ಮಾಡುವ ಉರುಳೆ ಯಂತ್ರಗಳು ಯುರೋಪಿನ ಬೆಳ್ಳಿ ಕೆಲಸದಲ್ಲಿ ಬೇರೂರಿದ್ದು 18ನೇ ಶತಮಾನದಲ್ಲಿ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಥಾಮಸ್ ಬೌಲ್ಸೋವರ್ 1743ರ ಸುಮಾರಿಗೆ ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯ ಹಾಳೆಯನ್ನು ಬಿಸಿಯಲ್ಲಿ ಬೆಸೆದರು. ಹಾಗೆ ಬೆಸೆದದ್ದನ್ನು ಉರುಳೆಯಲ್ಲಿ ಒತ್ತಿ ತೆಳ್ಳಗೆ ಮಾಡಿದರೂ ಎರಡೂ ಬಿಡದೆ ಒಟ್ಟಿಗೆ ಹರಡುತ್ತವೆ. ಬೆಳ್ಳಿ ಮತ್ತು ತಾಮ್ರ ಮುಟ್ಟಿದ ಕಡೆ 779 ಡಿಗ್ರಿಯಲ್ಲೇ ಕರಗುತ್ತವೆ. ಎರಡೂ ಲೋಹಗಳು ಒಂಟಿಯಾಗಿ ಕರಗುವ ಬಿಸಿಗಿಂತ ಎಷ್ಟೋ ಕಡಿಮೆ ಅದು. ಆ ಬೆಸುಗೆಯ ಗುಟ್ಟು ಅಷ್ಟೇ. ಕೈಯಲ್ಲಿ ತಿರುಗಿಸುವ ಸಣ್ಣ ಉರುಳೆ ನನ್ನ ಹತ್ತಿರವೂ ಇದೆ. ಅದಕ್ಕೆ ಗಟ್ಟಿ ಹಾಕುವ ಮೊದಲೂ ಒಂದೆರಡು ಸುತ್ತು ಸುತ್ತಿಗೆಯಲ್ಲಿ ಬಡಿದೇ ಹಾಕುತ್ತೇನೆ. ಎರಕದ ದೊಡ್ಡ ಹರಳುಗಳು ಒಡೆದ ಮೇಲೆ ಉರುಳೆಯ ಎಳೆತವನ್ನು ಬೆಳ್ಳಿ ಚೆನ್ನಾಗಿ ತಾಳಿಕೊಳ್ಳುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು.

"ಉರುಳೆ ಇರುವಾಗ ಕೈಯಲ್ಲಿ ಬಡಿಯುವುದು ಯಾಕೆ?" ಅಂತ ಒಬ್ಬರು ಕೇಳಿದರು. ಉರುಳೆ ಎಲ್ಲ ಕಡೆ ಒಂದೇ ದಪ್ಪ ಕೊಡುತ್ತದೆ. ನನಗೆ ಎಷ್ಟೋ ಸಲ ಒಂದೇ ದಪ್ಪ ಬೇಡ. ಬಟ್ಟಲು ಮಾಡುವಾಗ ತಳ ದಪ್ಪ ಇರಬೇಕು, ಪಕ್ಕ ತೆಳ್ಳಗಿರಬೇಕು, ಬಾಯಿಯ ಅಂಚು ಮತ್ತೆ ದಪ್ಪ ಇರಬೇಕು. ಸುತ್ತಿಗೆಯಲ್ಲಿ ಆದರೆ ಬೆಳ್ಳಿಯನ್ನು ಬೇಕಾದ ಕಡೆ ಬಿಟ್ಟುಕೊಳ್ಳಬಹುದು. ತಗಡು ಮಾಡುವಾಗಲೇ ಮುಂದಿನ ಬಟ್ಟಲಿನ ಕೆಲಸ ಅರ್ಧ ಮುಗಿದಿರುತ್ತದೆ. ಬರೀ ಸಮ ತಗಡೇ ಬೇಕಾದರೆ ಉರುಳೆಯೇ ಸರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

"ಎಷ್ಟು ತೆಳ್ಳಗೆ ಮಾಡಬಹುದು?" ಒಂಟಿ ತಗಡನ್ನು ಅಡಿಗಲ್ಲಿನ ಮೇಲೆ ತುಂಬಾ ತೆಳ್ಳಗೆ ಮಾಡಲು ಹೋದರೆ ಅದು ಸುಕ್ಕುಗಟ್ಟುತ್ತದೆ, ಪೆಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಹಲವು ತಗಡುಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಾಗಿ ಬಡಿಯುತ್ತಾರೆ. ಇನ್ನೂ ತೆಳ್ಳಗೆ, ಗಾಳಿಗೆ ಹಾರುವಂಥ ರೇಕು ಬೇಕಾದರೆ ಚರ್ಮದ ಅಥವಾ ಕಾಗದದ ಹಾಳೆಗಳ ನಡುವೆ ಇಟ್ಟು ಬಡಿಯುತ್ತಾರೆ. ಅದು ಬೇರೆಯೇ ಕಸುಬು, ಅದರ ಸುತ್ತಿಗೆಯೂ ಬೇರೆ.

ಕೊನೆಗೆ, ಹಿಂದಿನ ಸಾಲಿನಿಂದ ಒಬ್ಬರು ತಗಡನ್ನು ವಾಪಸ್ ಕೊಡುತ್ತಾ ಕೇಳಿದರು: "ಇದು ಕೈಯಲ್ಲಿ ಬಡಿದದ್ದು ಅಂತ ನೀವು ಹೇಳದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು?" ಆ ತಗಡನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಲು ಹೇಳಿದೆ. ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿಯಬೇಕು. ಉರುಳೆಯ ತಗಡಿನಲ್ಲಿ ಬೆಳಕು ಒಂದೇ ಹಾಳೆಯಾಗಿ ಜಾರುತ್ತದೆ. ಬಡಿದ ತಗಡಿನಲ್ಲಿ ಮೆಲ್ಲನೆ ಅಲೆಯಾಗಿ ಹೋಗುತ್ತದೆ. ಬೆರಳಿಗೆ ಸಿಗದಷ್ಟು ಸಣ್ಣ ಏರಿಳಿತ ಅದು. ಅವರು ತಗಡನ್ನು ಆ ಕಡೆ ಈ ಕಡೆ ಓರೆ ಮಾಡುತ್ತಾ ಸ್ವಲ್ಪ ಹೊತ್ತು ಕಿಟಕಿಯ ಬಳಿಯೇ ನಿಂತಿದ್ದರು. ಆಮೇಲೆ ಪಕ್ಕದಲ್ಲಿದ್ದವರನ್ನೂ ಕರೆದು ತೋರಿಸಿದರು.